ಗಮ್ಮಿ ಡಬ್ಬಿ ತಂದವನು ನಾನೇ

ಡಿಸೆಂಬರ್ ರಜೆಗೆ ಟಿಕೆಟ್ ಬುಕ್ ಆಯ್ತು ಅಂದ ತಕ್ಷಣ ಮನೆಯಿಂದ ಲಿಸ್ಟ್ ಬರುತ್ತೆ. ಅಮೆರಿಕದಲ್ಲಿ ಓದುತ್ತಿರೋ ನಮಗೆಲ್ಲ ಇದು ಗೊತ್ತಿರೋದೇ. ಚಾಕ್ಲೇಟ್, ಬಾದಾಮಿ, ಅಪ್ಪನ ಮಂಡಿನೋವಿಗೆ ಮಾತ್ರೆ. ಹೋದ ವರ್ಷ ಅಕ್ಕ ಇನ್ನೊಂದು ಸಾಲು ಸೇರಿಸಿದ್ದಳು: "ಪುಟ್ಟೂಗೆ ಆ ವಿಟಮಿನ್ ಡಿ ಗಮ್ಮಿ, ಮೀನೆಣ್ಣೆ ಗಮ್ಮಿ ಎರಡೆರಡು ಡಬ್ಬಿ ತಗೊಂಡ್ ಬಾರೋ. ಹೋದ್ಸಲ ತಂದಿದ್ದು ಖಾಲಿ ಆಗ್ತಾ ಬಂತು." ಪುಟ್ಟು ಅವಳ ಮಗ, ಏಳು ವರ್ಷ, ಬೆಂಗಳೂರಿನಲ್ಲಿದ್ದಾನೆ. ಮೂರು ವರ್ಷದವನಿದ್ದಾಗಿನಿಂದ ಉಬ್ಬಸ.

ತಗೊಂಡು ಹೋದೆ. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಅವನ ಎದೆ ಸುಂಯ್‌ಗುಟ್ಟೋದು ಪಕ್ಕದ ರೂಮಿಗೆ ಕೇಳಿಸಿತು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ಒಂದು ವಾಕ್ಯ ಪೂರ್ತಿ ಹೇಳೋಕೆ ಅವನ ಕೈಲಿ ಆಗ್ತಿರಲಿಲ್ಲ. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ ಮೇಲೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಹಾಕೋ ಪಂಪ್ ಹಾಕ್ತಿದ್ದೀರಾ?" ನಿಲ್ಲಿಸಿ ಎರಡು ತಿಂಗಳಾಗಿತ್ತು. "ಅದು ಸ್ಟೀರಾಯ್ಡ್ ಅಲ್ವಾ ಡಾಕ್ಟ್ರೇ. ಗಮ್ಮಿ ಕೊಡ್ತಿದ್ವಿ, ಚೆನ್ನಾಗೇ ಇದ್ದ" ಅಂದಳು ಅಕ್ಕ.

ಆ ಧೈರ್ಯವನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದವನು ನಾನು. ಅದಕ್ಕೇ ಇದನ್ನು ಬರೀತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಊರಿನ ಮಕ್ಕಳಿಗೆ ಪೂರಕಗಳನ್ನು ಸಾಗಿಸೋ ಕೆಲಸ ನಾವೆಲ್ಲ ಮಾಡ್ತೀವಿ, ಹಾಗಾಗಿ ಅದರ ಜವಾಬ್ದಾರಿಯೂ ನಮ್ಮದೇ ಅನ್ನೋದು ನನ್ನ ಅಭಿಪ್ರಾಯ.

"ಅಮೆರಿಕದ್ದು, ಟೆಸ್ಟ್ ಆಗಿರತ್ತೆ" ಅಂತ ಮನೆಯಲ್ಲಿ ನಂಬುತ್ತಾರೆ. ಇಲ್ಲಿನ 1994ರ ಕಾನೂನಿನ ಪ್ರಕಾರ ಪೂರಕಗಳು ಮಾರುಕಟ್ಟೆಗೆ ಬರೋ ಮೊದಲು ಎಫ್‌ಡಿಎ ಒಪ್ಪಿಗೆ ಪಡೆಯಬೇಕಾಗಿಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನೇ ಬರೆದಿರುತ್ತಾರೆ: ಈ ಹೇಳಿಕೆಯನ್ನು ಎಫ್‌ಡಿಎ ಪರಿಶೀಲಿಸಿಲ್ಲ, ಇದು ಯಾವ ಕಾಯಿಲೆಯನ್ನೂ ಗುಣಪಡಿಸಲು ಅಲ್ಲ ಅಂತ. ನಾವು ಮುಂದಿನ ಚಿತ್ರ ಮಾತ್ರ ನೋಡ್ತೀವಿ.

ಹಾಗಂತ ವಿಜ್ಞಾನಿಗಳು ಇದನ್ನು ತಳ್ಳಿಹಾಕಿ ಕೂತಿಲ್ಲ. ಅಸ್ತಮಾ ಇರುವ ಎಷ್ಟೋ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತೆ, ಆದ್ದರಿಂದ ಕೊಟ್ಟು ನೋಡೋಣ ಅಂತ ಅಮೆರಿಕದಲ್ಲೇ ಪ್ರಯೋಗ ಮಾಡಿದರು. 6ರಿಂದ 16 ವಯಸ್ಸಿನ 192 ಮಕ್ಕಳು. ಎಲ್ಲರೂ ದಿನಾ ಪಂಪ್ ಹಾಕುತ್ತಿದ್ದವರು, ಎಲ್ಲರಿಗೂ ವಿಟಮಿನ್ ಡಿ ಕಡಿಮೆ. ಅರ್ಧದಷ್ಟು ಮಕ್ಕಳಿಗೆ ದಿನಕ್ಕೆ 4000 ಯೂನಿಟ್ ವಿಟಮಿನ್, ಉಳಿದರ್ಧಕ್ಕೆ ಹಾಗೇ ಕಾಣುವ ಬರೀ ಗುಳಿಗೆ. 2020ರಲ್ಲಿ ಫಲಿತಾಂಶ ಬಂತು. ವಿಟಮಿನ್ ತಗೊಂಡವರಲ್ಲಿ 36 ಮಕ್ಕಳಿಗೆ ಜೋರು ಅಟ್ಯಾಕ್ ಆಗಿತ್ತು, ತಗೊಳ್ಳದವರಲ್ಲಿ 33 ಮಕ್ಕಳಿಗೆ. ಉಪಯೋಗ ಕಾಣುತ್ತಿಲ್ಲ ಅಂತ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದ್ದರು. ತೂಕ ಹೆಚ್ಚಿದ್ದ ಹದಿಹರೆಯದವರಿಗೆ ಮೀನೆಣ್ಣೆ ಕೊಟ್ಟು ನೋಡಿದಾಗಲೂ ಉಬ್ಬಸ ಹತೋಟಿಗೆ ಬರಲಿಲ್ಲ.

"ಒಳ್ಳೇದಾಗದಿದ್ರೂ ಕೆಟ್ಟದ್ದೇನೂ ಆಗಲ್ವಲ್ಲ" ಅಂತೀರಾ? ಎಲ್ಲದಕ್ಕೂ ಆ ಮಾತು ಸಲ್ಲದು. ಜೇನುಹುಳದ ರಾಯಲ್ ಜೆಲ್ಲಿಯಿಂದ ಅಸ್ತಮಾ ಇದ್ದವರಿಗೆ ಪ್ರಾಣಾಪಾಯ ಆಗಿರೋದರಿಂದ ಆಸ್ಟ್ರೇಲಿಯಾದಲ್ಲಿ ಅದರ ಡಬ್ಬಿಯ ಮೇಲೆ ಎಚ್ಚರಿಕೆ ಹಾಕಲೇಬೇಕು. ವಿಟಮಿನ್ ಡಿ ಕೂಡ ಅತಿಯಾದರೆ ಕಿಡ್ನಿಗೆ ಹಾನಿ. ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಮನೆಯಲ್ಲಿ ಆದದ್ದೇ: ಗಮ್ಮಿ ಒಳಗೆ ಬಂತು, ಪಂಪ್ ಹೊರಗೆ ಹೋಯ್ತು.

ಪಂಪ್ ಬಗ್ಗೆ ನಮ್ಮವರಿಗೆ ಭಯ ಇದೆ. "ಅಭ್ಯಾಸ ಆಗಿಬಿಡತ್ತೆ", "ಬೆಳವಣಿಗೆ ನಿಲ್ಲತ್ತೆ" ಅಂತಾರೆ. ಎರಡನೇ ಭಯ ಪೂರ್ತಿ ಸುಳ್ಳಲ್ಲ. ಬ್ಯುಡೆಸೊನೈಡ್ ಪಂಪನ್ನು ವರ್ಷಗಟ್ಟಲೆ ಬಳಸಿದ ಮಕ್ಕಳನ್ನು ಅಮೆರಿಕದಲ್ಲಿ ದೊಡ್ಡವರಾಗುವ ತನಕ ಅಳೆದು ನೋಡಿದ್ದಾರೆ. ಎತ್ತರದಲ್ಲಿ ಕಂಡ ವ್ಯತ್ಯಾಸ ಸರಾಸರಿ 1.2 ಸೆಂಟಿಮೀಟರ್. ಇನ್ನೊಂದು ಕಡೆಯ ಲೆಕ್ಕವನ್ನೂ ಹಾಕಿ. ಪಂಪಿನ ಡೋಸ್ ಮೈಕ್ರೋಗ್ರಾಂಗಳಲ್ಲಿ, ಅದರ ಗುರಿಯೂ ಶ್ವಾಸನಾಳವೇ. ಪಂಪ್ ಬಿಟ್ಟು ಅಟ್ಯಾಕ್ ಆದಾಗ ಪುಟ್ಟೂಗೆ ನುಂಗಿಸಿದ್ದೂ ಸ್ಟೀರಾಯ್ಡೇ. ಮಿಲಿಗ್ರಾಂಗಳಲ್ಲಿ, ಇಡೀ ಮೈಗೆ. 2014ರಲ್ಲಿ ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಮತ್ತೆ ಮತ್ತೆ ಕಂಡದ್ದು ಇದೇ: ತಕ್ಷಣ ಆರಾಮ ಕೊಡೋ ಪಂಪ್ ಜಾಸ್ತಿ, ದಿನಾ ಹಾಕಬೇಕಾದ ಪಂಪ್ ಕಡಿಮೆ.

ಅಕ್ಕನನ್ನು ಬೈದು ಪ್ರಯೋಜನ ಇಲ್ಲ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಗಮನಿಸುತ್ತಾ ಬಂದಾಗ, 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ. 29.5 ಆಗಿತ್ತು. ಧೂಳು, ಹೊಗೆ ತಾಯಿಯ ಕೈಯಲ್ಲಿಲ್ಲ. ಮಗುವಿನ ಬಾಯಿಗೆ ಏನು ಹೋಗತ್ತೆ ಅನ್ನೋದು ಮಾತ್ರ ಅವಳ ಕೈಯಲ್ಲಿದೆ. ಮೃಗಶಿರ ಮಳೆಗೆ ಹೈದರಾಬಾದಿನ ಮೀನಿನ ಔಷಧಿಗೆ ಸಾಲು ನಿಲ್ಲೋರೂ ಇದೇ ಆಸೆಯಿಂದ ನಿಲ್ತಾರೆ. ನಮ್ಮ ಗಮ್ಮಿ ಇಂಗ್ಲಿಷ್ ಲೇಬಲ್ ಹಚ್ಚಿಕೊಂಡಿದೆ, ಅಷ್ಟೇ. ಇನ್ನೊಂದು ಬೇಜಾರಿನ ಸಂಗತಿ ಹೇಳ್ತೀನಿ. ಶೀತ ಅಂತ ಪುಟ್ಟೂಗೆ ಮೊಸರು, ಬಾಳೆಹಣ್ಣು ಎರಡೂ ಬಂದ್ ಆಗಿದ್ದವು. ಅವನಿಗೆ ಅವುಗಳ ಅಲರ್ಜಿ ಏನೂ ಇಲ್ಲ. ಮನೆಯ ಊಟ ಕಿತ್ತುಕೊಂಡು ಡಬ್ಬಿಯ ವಿಟಮಿನ್ ಕೊಡುತ್ತಿದ್ದೆವು!

ಈ ಸಲವೂ ನಿಮಗೆ ಲಿಸ್ಟ್ ಬರತ್ತೆ. ಗಮ್ಮಿ ಇದ್ದರೆ ಒಂದು ಫೋನ್ ಮಾಡಿ. ಮಗುವಿಗೆ ವಿಟಮಿನ್ ಕಡಿಮೆ ಇದೆ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗಿದೆಯಾ? ಡಾಕ್ಟರಿಗೆ ಹೇಳಿದ್ದೀರಾ? ದಿನದ ಪಂಪ್ ನಡೀತಿದೆಯಾ, ಸ್ಪೇಸರ್ ಇಟ್ಟೇ ಹಾಕ್ತಿದ್ದೀರಾ? ಫಾರಿನ್‌ನಲ್ಲಿ ಓದ್ತಿರೋ ತಮ್ಮನ ಮಾತಿಗೆ ಮನೆಯಲ್ಲಿ ಸ್ವಲ್ಪ ಜಾಸ್ತಿನೇ ಬೆಲೆ. ಆ ಬೆಲೆಯನ್ನು ಇದಕ್ಕೆ ಖರ್ಚು ಮಾಡೋಣ.

ಪುಟ್ಟು ಈಗ ಹಲ್ಲುಜ್ಜೋ ಮೊದಲು ಪಂಪ್ ಹಾಕ್ಕೋತಾನೆ, ಆಮೇಲೆ ಬಾಯಿ ಮುಕ್ಕಳಿಸ್ತಾನೆ. ಈ ಸಲ ಅವನ ಲಿಸ್ಟಿನಲ್ಲಿರೋದು ಫುಟ್‌ಬಾಲ್ ಶೂ.