ಅಂಗಳದ ವಿಜ್ಞಾನಕ್ಕೂ ಬೇಲಿ ಬೇಕು

ಮಲೆನಾಡಿನ ತೋಟದ ಮನೆಗಳಲ್ಲಿ ಜೀವವಿಜ್ಞಾನದ ಪ್ರಯೋಗ ನಡೆಯುವುದು ಇಂದು ಹೊಸ ಸಂಗತಿಯೇನಲ್ಲ. ಬೇಯಿಸಿದ ಅಕ್ಕಿಯ ಮೇಲೆ ಟ್ರೈಕೊಡರ್ಮಾ ಶಿಲೀಂಧ್ರವನ್ನು ಬೆಳೆಸಿ, ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ಸೊರಗು ರೋಗ ತಡೆಯಲೆಂದು ಕಾಳುಮೆಣಸಿನ ಬುಡಕ್ಕೆ ಹಾಕುವ ಕೃಷಿಕರಿದ್ದಾರೆ. ಇದನ್ನು ಹುಚ್ಚಾಟವೆಂದು ನಗುವವರೂ ಇದ್ದಾರೆ, ಇನ್ನು ಪ್ರಯೋಗಾಲಯಗಳೇ ಬೇಡವೆನ್ನುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧಸತ್ಯ.

ಗ್ರೆಗೊರ್ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಬೆಳೆಸಿ ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡದ್ದು ಕ್ರೈಸ್ತ ಮಠದ ಕೈತೋಟದಲ್ಲಿ. ಮಹಾರಾಷ್ಟ್ರದ ರೈತ ದಾದಾಜಿ ಖೋಬ್ರಗಡೆ 1983ರಲ್ಲಿ ತಮ್ಮ ಗದ್ದೆಯಲ್ಲಿ ಭಿನ್ನವಾಗಿ ಕಂಡ ತೆನೆಗಳನ್ನು ಆರಿಸಿ, ಎಚ್‌ಎಂಟಿ ಭತ್ತದ ತಳಿಗೆ ಕಾರಣರಾದರು. ಇಬ್ಬರ ಬಂಡವಾಳವೂ ತಾಳ್ಮೆ ಮತ್ತು ಸೂಕ್ಷ್ಮದೃಷ್ಟಿ.

ಹವ್ಯಾಸದ ಇನ್ನೊಂದು ಮುಖವೂ ಉಂಟು. ಮೃದ್ವಂಗಿಗಳ ಹವ್ಯಾಸಿ ಅಧ್ಯಯನಕಾರ ಬೆನ್ಸನ್ 1847ರಲ್ಲಿ ಆಫ್ರಿಕದ ದೈತ್ಯ ಬಸವನಹುಳುವನ್ನು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ. ಅದು ಅಲ್ಲಿನ ಕೈತೋಟ ಸೇರಿತು. ಅದೇ ಜಾತಿಯ ಹುಳು ಇಂದು ಕೊಡಗಿನ ಕಾಫಿ ತೋಟಗಳನ್ನೂ ಕಾಡುತ್ತಿದೆ. ಬಿಟ್ಟ ಜೀವಿಯನ್ನು ಹಿಂದಕ್ಕೆ ಕರೆಯಲಾಗದು.

ಭರಣಿಯೊಳಗಿನ ಅಪಾಯ ಇನ್ನೂ ಸೂಕ್ಷ್ಮವಾದುದು. ಟ್ರೈಕೊಡರ್ಮಾ ಹಸಿರು, ಅಫ್ಲಟಾಕ್ಸಿನ್ ವಿಷವನ್ನು ಉಂಟುಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಬೂಷ್ಟೂ ಹಳದಿ ಮಿಶ್ರಿತ ಹಸಿರು. ಸರಿಯಾಗಿ ಶುದ್ಧಗೊಳಿಸದ ಅಕ್ಕಿಯಲ್ಲಿ, ಮಳೆಗಾಲದ ತೇವದಲ್ಲಿ, ಒಂದರ ಬದಲು ಇನ್ನೊಂದು ಬೆಳೆಯಬಲ್ಲದು. ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕೆಟ್ಟ ಅಕ್ಕಿ ವ್ಯರ್ಥವಾಗದಿರಲೆಂದು ಹಸುವಿಗೆ ಹಾಕಿದರೆ ಅದರ ಅಂಶ ಹಾಲಿನ ಮೂಲಕ ಮಕ್ಕಳ ಲೋಟಕ್ಕೇ ಬರುತ್ತದೆ.

ಆದ್ದರಿಂದ ಪ್ರಯೋಗಕ್ಕೊಂದು ಶಿಸ್ತು ಬೇಕು. ಮೂಲ ಶಿಲೀಂಧ್ರವನ್ನು ಕೃಷಿ ವಿಶ್ವವಿದ್ಯಾಲಯದಿಂದಲೋ ಕೃಷಿ ವಿಜ್ಞಾನ ಕೇಂದ್ರದಿಂದಲೋ ತರಬೇಕು. ಪ್ರಯೋಗಕ್ಕೆ ಬಳಸಿದ ಪಾತ್ರೆ ಅಡುಗೆಮನೆಗೆ ಮರಳಬಾರದು. ಸಂಶಯ ಬಂದ ಭರಣಿಯನ್ನು ಮೂಸಿ ನೋಡದೆ, ಕೊಟ್ಟಿಗೆಗೂ ಒಯ್ಯದೆ, ನೀರಿನ ಸೆಲೆಯಿಂದ ದೂರ ಆಳವಾಗಿ ಹೂಳಬೇಕು. ಪರದೇಶದ ಗಿಡ, ಹುಳು, ಮೀನುಗಳನ್ನು ಕುತೂಹಲಕ್ಕೆಂದು ಹಳ್ಳಕೊಳ್ಳಗಳಿಗೆ ಬಿಡಲೇಬಾರದು.

ಮತ್ತೊಂದು ಮಾತು. ಎಲ್ಲ ಬಳ್ಳಿಗಳಿಗೂ ಮದ್ದು ಹಾಕಿದವನಿಗೆ ಬಳ್ಳಿ ಉಳಿದದ್ದು ಮದ್ದಿನಿಂದಲೋ ಮಳೆ ಕಡಿಮೆಯಾದುದರಿಂದಲೋ ತಿಳಿಯದು. ಕೆಲವು ಸಾಲುಗಳನ್ನು ಹಾಗೆಯೇ ಬಿಟ್ಟು, ಎರಡನ್ನೂ ಹೋಲಿಸಿ ಬರೆದಿಡಬೇಕು. ಸೋತ ಪ್ರಯೋಗವೂ ಆ ಪುಸ್ತಕದಲ್ಲಿರಲಿ. ನೆರೆಮನೆಯವರು ಅದೇ ತಪ್ಪಿಗೆ ಮತ್ತೊಂದು ಬೆಳೆಯನ್ನು ತೆರದಿರಲಿ. ಶಾಲೆಯ ಮಕ್ಕಳು ಈ ಲೆಕ್ಕ ಹಿಡಿಯುವ ಹೊಣೆ ಹೊತ್ತರೆ ತೋಟವೂ ಉಳಿದೀತು, ವಿಜ್ಞಾನವೂ ಊರಿನದಾದೀತು.