ಕುಲುಮೆಗೆ ಹಾಕುವ ಮೊದಲು

ಬಂದೂಕು ಉಳಿಸಿ ಎಂದು ಬರೆಯಲು ಕೂತ ಟೀಚರಮ್ಮನನ್ನು ಕಂಡು ನಮ್ಮ ಮನೆಯವರೇ ನಕ್ಕರು. "ಜಿರಲೆಗೆ ಪೊರಕೆ ಎತ್ತದವಳು ನೀನು, ನಿನಗೇಕೆ ಇದು?" ಎಂದರು. ನಗಲಿ.

ಕಾಲೇಜಿನಲ್ಲಿ ನಾನು ಎನ್.ಸಿ.ಸಿ. ಕೆಡೆಟ್. ಕವಾಯತಿಗೆ ಕೊಡುತ್ತಿದ್ದುದು ಗುಂಡು ಹಾರದಂತೆ ಮಾಡಿದ್ದ ತ್ರೀ-ನಾಟ್-ತ್ರೀ ರೈಫಲು. ಹತ್ತಿರ ಹತ್ತಿರ ನಾಲ್ಕು ಕೆ.ಜಿ. ಭಾರ, ಭುಜ ಕೆಂಪಗಾಗುತ್ತಿತ್ತು. ನನ್ನದರ ಬೋಲ್ಟಿನ ಹಿಡಿಯ ಕೆಳಗೆ ಒಂದು ಕಿರೀಟ, ಜಾರ್ಜ್ ಚಕ್ರವರ್ತಿಯ ಹೆಸರಿನ ಮೂರಕ್ಷರ, ಇಷಾಪುರ, 1943. ಪಕ್ಕದ ಹುಡುಗಿಯದರ ಮೇಲೆ ಕಿರೀಟವಿಲ್ಲ, ಅಶೋಕನ ಸಿಂಹಗಳು. ಬಂಗಾಳದ ಅದೇ ಕಾರ್ಖಾನೆ, ಅದೇ ರೈಫಲು. ನಡುವೆ ಸ್ವಾತಂತ್ರ್ಯ ಬಂದುಹೋಗಿದೆ. ಪಠ್ಯಪುಸ್ತಕದ ಯಾವ ಪುಟವೂ ನನಗೆ ಅಷ್ಟು ನೆಟ್ಟಗೆ ಹೇಳಿರಲಿಲ್ಲ.

ಸೈನ್ಯದಿಂದ ಇಳಿದ ಈ ರೈಫಲುಗಳು ಪೊಲೀಸರ ಹೆಗಲೇರಿದವು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಅವಕ್ಕೆ ವಿದಾಯ ಹೇಳಿದರು. ಹೇಳಲಿ, 2008ರಲ್ಲಿ ಮುಂಬಯಿ ರೈಲು ನಿಲ್ದಾಣದಲ್ಲಿ ಇದನ್ನೇ ಹಿಡಿದು ಭಯೋತ್ಪಾದಕರ ಎದುರು ನಿಂತ ಪೇದೆಗಳ ಪಾಡು ನೆನೆದರೆ, ತಡವಾಯಿತೆಂದೇ ಹೇಳಬೇಕು. ನನ್ನ ಜಗಳ ವಿದಾಯದ ಮೇಲಲ್ಲ, ಆಮೇಲಿನ ಕುಲುಮೆಯ ಮೇಲೆ.

ಇದೇ ರೈಫಲಿಗೆ ಒಬ್ಬ ತಮ್ಮನಿದ್ದ: .410 ಮಸ್ಕೆಟ್. ನಳಿಗೆಯ ಒಳಗನ್ನು ಕೊರೆದು ನುಣುಪು ಮಾಡಿ, ಹತ್ತು ಗುಂಡಿನ ಪೆಟ್ಟಿಗೆಯೊಳಗೆ ಮರದ ತುಂಡು ಕೂರಿಸಿ, ಒಂದು ಸಲಕ್ಕೆ ಒಂದೇ ಈಡು ಹಾರುವಂತೆ ಮಾಡಿ ನಮ್ಮ ಪೊಲೀಸರಿಗೂ ಜೈಲು ಕಾವಲುಗಾರರಿಗೂ ಕೊಟ್ಟರು. ತಾನೇ ಸಂಬಳ ಕೊಟ್ಟು ಇಟ್ಟುಕೊಂಡವರಿಗೆ ದೊರೆ ಎಷ್ಟು ಹೆದರಿದ್ದನೆಂಬುದಕ್ಕೆ ಆ ಮರದ ತುಂಡೇ ಸಾಕ್ಷಿ. ಅದನ್ನು ಸುಟ್ಟರೆ ಸಾಕ್ಷಿಯನ್ನೇ ಸುಟ್ಟಂತೆ.

ಕಾನೂನು ಏನನ್ನುತ್ತದೆ? 1972ರ ಪ್ರಾಚೀನ ವಸ್ತುಗಳ ಕಾಯಿದೆಯಲ್ಲಿ ಇಂಥ ವಸ್ತುವಿಗೆ ನೂರು ವರ್ಷ ತುಂಬಬೇಕು. ನನ್ನ ರೈಫಲಿಗೆ ತುಂಬುವುದು 2043ರಲ್ಲಿ. ಅಷ್ಟರೊಳಗೆ ಅದು ಕರಗಿ ಯಾರ ಮನೆಯ ಕಿಟಕಿ ಸರಳಾಗಿರುತ್ತದೋ! ಅದೇ ಕಾಯಿದೆ ಹಸ್ತಪ್ರತಿಗೆ ಎಪ್ಪತ್ತೈದೇ ವರ್ಷ ಸಾಕೆನ್ನುತ್ತದೆ. ಕಾಗದಕ್ಕಿರುವ ರಿಯಾಯಿತಿ ಕಬ್ಬಿಣಕ್ಕೇಕಿಲ್ಲ? 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಬಾವಿಯಲ್ಲಿ ಟಿಪ್ಪುವಿನ ಕಾಲದ ಸಾವಿರ ರಾಕೆಟ್ಟು ಸಿಕ್ಕವಲ್ಲ, ಅವನ್ನು ಕಾದದ್ದು ಬಾವಿಯ ಕೆಸರು, ಸರ್ಕಾರವಲ್ಲ.

ಕಳುವಾದರೆ, ದುರುಪಯೋಗವಾದರೆ ಎನ್ನುವವರಿಗೆ ಒಂದು ಮಾತು. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರಲ್ಲಿ ಒಬ್ಬ 16 ಮಕ್ಕಳನ್ನೂ ಅವರ ಟೀಚರನ್ನೂ ಗುಂಡಿಟ್ಟು ಕೊಂದ. ಅದನ್ನು ಓದಿದ ದಿನ ನನಗೆ ತರಗತಿಯ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಲಾಗಲಿಲ್ಲ. ಮರುವರ್ಷ ಬ್ರಿಟನ್ ಜನರ ಕೈಯಿಂದ ಪಿಸ್ತೂಲು ಕಿತ್ತುಕೊಂಡಿತು. ಅಂಥ ದುಃಖದಲ್ಲಿ ಹುಟ್ಟಿದ ಕಾನೂನೂ ಚಾರಿತ್ರಿಕ ಪಿಸ್ತೂಲುಗಳಿಗೆಂದು ಒಂದು ಕಲಂ ಇಟ್ಟಿತು. ನಮ್ಮ 1959ರ ಶಸ್ತ್ರ ಕಾಯಿದೆಯ 45ನೇ ಕಲಮೂ ಮತ್ತೆ ಹಾರಲಾರದ ಹಳೆಯ ಕೋವಿಗೆ ವಿನಾಯಿತಿ ಕೊಟ್ಟಿದೆ. ನಳಿಗೆಗೆ ಬೆಸುಗೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿಡಲು ಅಡ್ಡಿ ಯಾರದು?

ಎಲ್ಲವನ್ನೂ ಉಳಿಸಿ ಎನ್ನುತ್ತಿಲ್ಲ. ಒಂದೊಂದು ಬಗೆಯದು ಜಿಲ್ಲೆಗೊಂದರಂತೆ ಸಾಕು. ವಿಲೇವಾರಿ ಪಟ್ಟಿಗೆ ಸಹಿ ಬೀಳುವ ಮುಂಚೆ ವಸ್ತುಸಂಗ್ರಹಾಲಯದವರೊಬ್ಬರು ಬಂದು ಬೋಲ್ಟಿನ ಕೆಳಗಿನ ಇಸವಿ ಓದಬೇಕೆಂದು ಕಾನೂನಿನಲ್ಲಿ ಒಂದು ಸಾಲು ಸೇರಿಸಿ. ಕನ್ನಡಕ ಬೇಕಿದ್ದರೆ ನನ್ನದು ಕೊಡುತ್ತೇನೆ.