ಅವರಿಗೆ ಗೊತ್ತಾಗದ ಹಾಗೆ...

ನಮ್ಮ ದೊಡ್ಡಬಳ್ಳಾಪುರದ ಕಡೆ ಬಸ್ಸಲ್ಲಿ ಓಡಾಡಿದವರು ಆ ಪೋಸ್ಟರ್ ನೋಡೇ ಇರ್ತೀರಿ. "ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುತ್ತೇವೆ" ಅಂತ, ಕೆಳಗೊಂದು ಮೊಬೈಲ್ ನಂಬರು. ನಮ್ಮತ್ತೆ ಆ ನಂಬರಿಗೆ ಫೋನ್ ಮಾಡಿ, ಮಗ್ಗದ ಕೂಲಿ ದುಡ್ಡಲ್ಲಿ ಪುಡಿ ತರಿಸಿ, ಮೂರು ತಿಂಗಳು ಮಾವನ ಸಾರಿಗೆ ಬೆರೆಸಿದ್ದರು. ಮಾವ ಕುಡಿಯೋದು ಬಿಡಲಿಲ್ಲ, ಮನೇಲಿ ಸಾರು ತಿನ್ನೋದು ಬಿಟ್ಟರು. (ನಗಬೇಡಿ. ಆಗ ನಾನೂ ನಕ್ಕಿದ್ದೆ.)

ಪೊಟ್ಟಣದ ಮೇಲೆ ಒಳಗೇನಿದೆ ಅಂತ ಒಂದಕ್ಷರ ಇರಲಿಲ್ಲ. ಡೈಸಲ್ಫಿರಾಮ್ ಅಂತ ನಿಜವಾದ ಮಾತ್ರೆ ಒಂದಿದೆ. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗುತ್ತೆ, ವಾಂತಿಯಾಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಬಿ.ಪಿ. ಕುಸಿಯುತ್ತೆ. ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧಿ ಅದು. ಕದ್ದು ಬೆರೆಸಿದರೆ ಜೀವಕ್ಕೇ ಅಪಾಯ.

ನನ್ನ ತಕರಾರು ಪುಡಿಗಿಂತ ಆ "ಗೊತ್ತಾಗದ ಹಾಗೆ" ಅನ್ನೋ ಮಾತಿನ ಮೇಲೆ. ಕುಡಿತದ ವಿಷಯ ಬಂದರೆ ನಮ್ಮಲ್ಲಿ ಎಲ್ಲವೂ ಹೀಗೇ. ನೆಂಟರಿಗೆ ಗೊತ್ತಾಗದ ಹಾಗೆ, ಹೆಣ್ಣು ಕೇಳೋಕೆ ಬರೋರಿಗೆ ಗೊತ್ತಾಗದ ಹಾಗೆ. ಬೀದಿಗೆಲ್ಲ ಗೊತ್ತಿರುತ್ತೆ, ಅದು ಬೇರೆ ಮಾತು!

ಹೋದ ವರ್ಷ ಮಾವ ಮನೆದೇವರ ಮೇಲೆ ಆಣೆ ಮಾಡಿ ಒಂದೇ ಏಟಿಗೆ ಬಿಟ್ಟರು. ಎರಡನೇ ದಿನ ಕೈನಡುಕ, ಆಮೇಲೆ ಫಿಟ್ಸ್. ದಿನಾ ಜೋರಾಗಿ ಕುಡಿಯೋರು ದಿಢೀರನೆ ನಿಲ್ಲಿಸಿದರೆ ಹೀಗಾಗಬಹುದು, ಮೊದಲು ಡಾಕ್ಟರ ಹತ್ತಿರ ಹೋಗಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಹತ್ತು ದಿನ ಆಸ್ಪತ್ರೆ. ಡಿಸ್ಚಾರ್ಜ್ ದಿನ ಡಾಕ್ಟರು, "ಬಿಡಿಸಿದ್ದೀವಿ. ಬಿಟ್ಟ ಹಾಗೇ ಇರೋದಕ್ಕೆ ಎ.ಎ. ಮೀಟಿಂಗಿಗೆ ಹೋಗಿ" ಅಂದರು.

ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ನಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದು. ಫೀಸಿಲ್ಲ, ಹಾಜರಿ ಪುಸ್ತಕ ಇಲ್ಲ, ಕುಡಿತ ಬಿಡಬೇಕು ಅನ್ನೋ ಆಸೆಯೊಂದಿದ್ದರೆ ಸಾಕು. ನಾನು ಇಂಜಿನಿಯರ್, ಬರೀ ಮಾತಾಡಿದರೆ ಏನಾಗುತ್ತೆ ಅನ್ನೋ ಜಾತಿ. 2020ರ ಕಾಕ್ರೇನ್ ವಿಮರ್ಶೆ ಓದಿದೆ. 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನ. ಪೂರ್ತಿ ಬಿಟ್ಟು ಇರೋ ವಿಷಯದಲ್ಲಿ ಎ.ಎ. ಕಡೆಗೆ ಕರೆದೊಯ್ಯೋ ಕ್ರಮಬದ್ಧ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಮೇಲೇ ನಿಂತಿತ್ತು. ಸುಮ್ಮನಾದೆ.

ಮಾವನ ಷರತ್ತು ಒಂದೇ: "ನಮ್ಮೂರಲ್ಲಾದ್ರೆ ಬರಲ್ಲ ಕಣೋ." ಸರಿ, ಬೆಂಗಳೂರಿಗೇ ಹೊರಟೆವು, ಸುಮಾರು ನಲವತ್ತು ಕಿಲೋಮೀಟರು. ಕನ್ನಡದ ಮೀಟಿಂಗು, ಚರ್ಚೊಂದರ ಹಿಂದಿನ ರೂಮು. ಮಾವ ಗೇಟಲ್ಲೇ ನಿಂತರು. "ರೂಮು ಬಾಡಿಗೆಗೆ ಅಷ್ಟೇ, ಬನ್ನಿ ಮಾವ" ಅಂತ ಕರ್ಕೊಂಡು ಹೋದೆ. ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರು ಬರ್ತಾನೆ, ಆದರೆ ಅವರವರಿಗೆ ತೋಚಿದ ದೇವರು. ಮಾವನಿಗೆ ಘಾಟಿ ಸುಬ್ರಹ್ಮಣ್ಯ ಸಾಕು.

ಅದು ಯಾರು ಬೇಕಾದರೂ ಕೂರಬಹುದಾದ ಓಪನ್ ಮೀಟಿಂಗ್. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು, ಹಾಗಾಗಿ ಬರೆಯಲ್ಲ. ನಾಲ್ಕು ವಾರ ಮಾವ ತುಟಿ ಬಿಚ್ಚಲಿಲ್ಲ. ಐದನೇ ವಾರ ಎದ್ದು ಹೆಸರು ಹೇಳಿದರು. ವಾಪಸ್ ಬರುವಾಗ ಯಲಹಂಕ ದಾಟಿದ ಮೇಲೆ, ಕಿಟಕಿ ಕಡೆ ಮುಖ ಮಾಡಿಕೊಂಡು, "ನಿಮ್ಮತ್ತೆ ಸಾರಿಗೆ ಪುಡಿ ಹಾಕ್ತಿದ್ದಳಲ್ಲ, ನಂಗೆ ಮೊದಲನೇ ದಿನವೇ ಗೊತ್ತಾಗಿತ್ತು" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ... (ಮಾವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.)

ಈಗ ನನ್ನ ವಾದ. ವಾರ ವಾರ ಇಷ್ಟು ದೂರ ಹೋಗೋದು ಕೂಲಿ ನೇಯುವವರಿಗೆ ಆಗುವ ಮಾತಲ್ಲ. ಅರ್ಧ ದಿನದ ಮಗ್ಗ ನಿಲ್ಲುತ್ತೆ, ಬಸ್ ಚಾರ್ಜು ಬೇರೆ. 2019ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆಯೋ ಸಹಾಯವೋ ಸಿಕ್ಕಿದೆ. ನಮ್ಮ ರಾಜ್ಯ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ! ಎ.ಎ.ಯವರು ಹೊರಗಿನವರ ದುಡ್ಡು ಮುಟ್ಟಲ್ಲ, ತಾವೇ ಡಬ್ಬಿಗೆ ಹಾಕಿಕೊಂಡು ಬಾಡಿಗೆ ಕೊಡ್ತಾರೆ. ಹಾಗಾಗಿ ಅನುದಾನ ಬೇಡ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕೂ ಕಡೆ ಸಂಜೆ ಹೊತ್ತು ಒಂದು ಶಾಲೆಯ ರೂಮಿನ ಬೀಗದಕೈ ಕೊಟ್ಟರೆ ಸಾಕು.

ಊರಲ್ಲೇ ಆದರೆ ಯಾರೂ ಬರಲ್ಲ ಅಂತೀರಾ? ಮಾವನೇ ಸಾಕ್ಷಿ, ಒಪ್ಪುತ್ತೇನೆ. ಆದರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿದವರು ತಮ್ಮೂರುಗಳಲ್ಲೇ ನವಜೀವನ ಸಮಿತಿ ಅಂತ ಸೇರ್ತಾರಲ್ಲ! ದೊಡ್ಡಬಳ್ಳಾಪುರದವರು ದೇವನಹಳ್ಳಿಗೆ, ಅವರು ಇಲ್ಲಿಗೆ ಬಂದರೂ ಆಯಿತು. ಅಷ್ಟು ದೂರ ನಾಚಿಕೆಗೆ ಸಾಕು.

ಕುಡಿಯುವವರ ಮನೆಯವರಿಗೂ ಅಲ್-ಅನಾನ್ ಅಂತ 1951ರಿಂದ ಬೇರೆ ಕೂಟ ಇದೆ. ಅತ್ತೆಗೆ ಹೇಳಿದೆ. "ನಾನೇನು ಕುಡೀತೀನಾ? ಮಗ್ಗ ಯಾರು ನೋಡ್ಕೋತಾರೆ?" ಅಂದರು. ಮುಂದಿನ ಭಾನುವಾರ ಮಗ್ಗದ ಮುಂದೆ ಕೂರೋಕೆ ಮಾವ ಒಪ್ಪಿದ್ದಾರೆ. ಅತ್ತೆ ಇನ್ನೂ ಒಪ್ಪಿಲ್ಲ.

(ಸರ್ಕಾರದ ಟೆಲಿ-ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ.)